ಐನೂರ ಹನ್ನೆರಡು ಖಾನೆಗಳ ಸಿಡಿಲತ್ತೆ

"ಹನ್ನೊಂದು ವರ್ಷ ಆಯ್ತು. ಕಣ್ಣಿನ ನಂಬರಿಗೆ ಹತ್ತಿರದ ಕನ್ನಡಕ ಒಳಗಿಟ್ಕೊಂಡು ದೂರದ್ದನ್ನ ನಾನು ಯಾರ ಮೂಗಿನ ಮೇಲೂ ಕೂರಿಸಿದವಳಲ್ಲ. ಒಬ್ಬರಿಗೂ ಇಲ್ಲ."

ಈ ಮಾತನ್ನು ಸಿಡಿಲತ್ತೆ ದಿನಕ್ಕೆ ಮೂರು ಸಲವಾದರೂ ಹೇಳುತ್ತಿದ್ದಳು. ಸಮಾಧಾನವಾಗಿ ಹೇಳಿದ್ದನ್ನು ಮಾತ್ರ ಕೇಳಿದವರಿಲ್ಲ. ಸಮಾಧಾನಕ್ಕೂ ಅವಳಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ ಸಂಬಂಧ. ಅವಳು ಬೈಯಲು ಬಾಯಿ ತೆರೆದರೆ ಗೋಡೆಯ ಸುಣ್ಣ ತಾನಾಗಿ ಉದುರುತ್ತಿತ್ತು. ನೆಲ ಗಲೀಜಾದರೆ ಅದಕ್ಕೂ ಬೈಗುಳ ಬೀಳುತ್ತದೆಂದು ಹೆದರಿ ಅರ್ಧ ದಾರಿಯಿಂದಲೇ ವಾಪಸು ಹೋಗಿ ಅಂಟಿಕೊಳ್ಳುತ್ತಿತ್ತು. ನಂಬದವರು ಆ ಗೋಡೆಯನ್ನು ಹೋಗಿ ನೋಡಬಹುದು, ಇವತ್ತಿಗೂ ಅಲ್ಲಲ್ಲಿ ಉಬ್ಬಿಕೊಂಡಿದೆ.

ಆ ಗೋಡೆ ಇದ್ದದ್ದು ಕಣ್ಣಿನ ಆಸ್ಪತ್ರೆಯ ನೆಲಮಹಡಿಯಲ್ಲಿ, ಹಿಂದೆ ಹಾಸಿಗೆಯ ಬಟ್ಟೆ ಇಡುತ್ತಿದ್ದ ಉದ್ದನೆಯ ಕೋಣೆಯಲ್ಲಿ. ಅಲ್ಲಿ ಹಳೆಯ ಕನ್ನಡಕಗಳನ್ನು ಸುಮ್ಮನೆ ಕೊಡುತ್ತಿದ್ದರು. ಸತ್ತವರ ಕನ್ನಡಕ, ಶಸ್ತ್ರಚಿಕಿತ್ಸೆಯಾಗಿ ಬೇಡವಾದವರ ಕನ್ನಡಕ, ಹೊಸ ನಮೂನೆ ಬಂತೆಂದು ಹಳತನ್ನು ಕಂಡರೆ ಮುಖ ಕಿವುಚುವವರ ಕನ್ನಡಕ, ಎಲ್ಲವೂ ಚೀಲಗಟ್ಟಲೆ ಬಂದು ಬೀಳುತ್ತಿದ್ದವು. ಹೊಸ ಗಾಜು ಮಾಡಿಸಲು ಕೈಲಾಗದವರು, ಮಾಡಿಸಿಕೊಂಡು ಬರುವವರೆಗೆ ಕಾಯಲಾಗದವರು ವೈದ್ಯರ ಚೀಟಿ ಹಿಡಿದು ಅಲ್ಲಿಗೆ ಬರುತ್ತಿದ್ದರು. ಚೀಟಿಯಲ್ಲಿದ್ದ ಅಂಕಿಗಳನ್ನೇ ಹೋಲುವ ಕನ್ನಡಕ ಸಿಗುವುದು ಲಕ್ಷಕ್ಕೊಂದು. ಇದ್ದದ್ದರಲ್ಲಿ ಅತ್ಯಂತ ಹತ್ತಿರದ್ದು ಯಾವುದು ಎಂದು ಹುಡುಕಿ ಕೊಡುವುದೇ ಅತ್ತೆಯ ಕೆಲಸ.

ಅವಳು ಅದಕ್ಕೂ ಮೊದಲು ಮೂವತ್ತೊಂದು ವರ್ಷ ಗಾಜು ಉಜ್ಜುವ ಅಂಗಡಿಯಲ್ಲಿದ್ದವಳು. ಚಕ್ರಕ್ಕೆ ಗಾಜು ಒತ್ತಿ ಒತ್ತಿ ಬಲ ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದು ಹೋಗಿದ್ದವು. ಯಾವ ಅಪರಾಧ ಮಾಡಿದರೂ ಸಿಕ್ಕಿಬೀಳುವುದಿಲ್ಲ ಎಂದು ತಾನೇ ನಗುತ್ತಿದ್ದಳು. ಅವಳು ನಗುತ್ತಿದ್ದದ್ದು ಅದೊಂದಕ್ಕೇ. ಅಂಗಡಿಗೆ ಉಜ್ಜುವ ಯಂತ್ರ ಬಂದ ದಿನ ಮಾಲೀಕರು ಒಂದು ಗೋಡೆ ಗಡಿಯಾರ ಕೊಟ್ಟು ಇನ್ನು ಮನೆಯಲ್ಲಿ ಆರಾಮಾಗಿರಿ ಎಂದರು. ಗಡಿಯಾರವನ್ನು ಅವಳು ಅಲ್ಲೇ ವಾಪಸು ಕೊಟ್ಟಳು. ಕೊಟ್ಟ ವೇಗದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಮನೆಯಲ್ಲಿದ್ದ ಗಂಡ ತೀರ ಮಿತಭಾಷಿ. ಮದುವೆಗೆ ಮೊದಲೇ ಹಾಗಿದ್ದನೋ, ಆಮೇಲೆ ಆದನೋ ಹೇಳಲು ಈಗ ಸಾಕ್ಷಿಗಳಿಲ್ಲ. ಆರಾಮಾಗಿರುವುದು ಹದಿನೇಳು ದಿನಕ್ಕೇ ಸಾಕಾಗಿ ಅತ್ತೆ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಳು.

ಆಗ ಆ ಕೋಣೆಯಲ್ಲಿ ನಾಲ್ಕು ಚೀಲಗಳಿದ್ದವು. ಬಂದವರು ಚೀಲಕ್ಕೆ ಕೈಹಾಕಿ, ಒಂದೊಂದೇ ಹಾಕಿ ನೋಡಿ, ಸುಮಾರಾಗಿ ಕಾಣುತ್ತದೆ ಎಂದು ತೆಗೆದುಕೊಂಡು ಹೋಗುತ್ತಿದ್ದರು. ಅತ್ತೆಯ ಪಿತ್ತ ನೆತ್ತಿಗೇರಿತು. ಸುಮಾರಾಗಿ ಕಾಣುವುದೆಂದರೆ ಮರ್ಯಾದೆಯಿಂದ ಎಡವಿ ಬೀಳುವುದು ಎಂದು ಕೂಗಿದಳು. ಆ ಸಿಟ್ಟಿನಲ್ಲೇ ಎಂಟು ತಿಂಗಳು ಕೂತು, ಹಳೆಯ ಔಷಧಿ ಉಗ್ರಾಣದ ಚಿಕ್ಕ ಖಾನೆಗಳನ್ನೆಲ್ಲ ಒಟ್ಟುಮಾಡಿ, ಕೋಣೆಯ ಎರಡೂ ಉದ್ದಗೋಡೆ ತುಂಬ ಕಪಾಟುಗಳನ್ನು ನಿಲ್ಲಿಸಿದಳು.

ಕಪಾಟಿನ ಒಳಗುಟ್ಟು ಇಷ್ಟು. ನಾಲ್ಕು ಸಾವಿರದ ಆರುನೂರು ಕನ್ನಡಕಗಳನ್ನೂ ಬಲಗಣ್ಣಿನ ನಂಬರಿನ ಪ್ರಕಾರ ಸಾಲಾಗಿಟ್ಟು, ಆ ಸಾಲನ್ನು ಸರಿಯಾಗಿ ನಡುವಿಗೆ ಕತ್ತರಿಸಿದಳು. ಅರ್ಧ ಎಡಗೋಡೆಗೆ, ಅರ್ಧ ಬಲಗೋಡೆಗೆ. ಪ್ರತಿ ಗೋಡೆಯ ಪಾಲನ್ನು ಎಡಗಣ್ಣಿನ ನಂಬರಿನ ಪ್ರಕಾರ ಮತ್ತೆ ನಡುವಿಗೆ ಕತ್ತರಿಸಿದಳು. ಆ ಮೇಲೆ ಸಿಲಿಂಡರ್, ಆ ಮೇಲೆ ಓರೆ, ಅದಾದ ಮೇಲೆ ತಿರುಗಿ ಬಲಗಣ್ಣು. ಹೀಗೆ ಒಂಬತ್ತು ಸಲ ಕತ್ತರಿಸಿದಾಗ ಐನೂರ ಹನ್ನೆರಡು ಖಾನೆಗಳಾದವು, ಖಾನೆಗೆ ಎಂಟೋ ಒಂಬತ್ತೋ ಕನ್ನಡಕ. ಚೀಟಿ ಬಂದರೆ ಈ ಕಡೆಯೋ ಆ ಕಡೆಯೋ ಎಂದು ಒಂಬತ್ತು ಸಲ ಕೇಳಿಕೊಂಡರೆ ಸಾಕು, ಕೈ ಖಾನೆಯ ಹಿಡಿಯ ಮೇಲಿರುತ್ತಿತ್ತು. ಅತ್ತೆ ಕೇಳಿಕೊಳ್ಳುತ್ತಲೂ ಇರಲಿಲ್ಲ. ಚೀಟಿ ಕಿಟಕಿಯ ಆಚೆ ಇರುವಾಗಲೇ ಖಾನೆ ತೆರೆದಿರುತ್ತಿತ್ತು ಎಂದು ಜವಾನ ಹೇಳುತ್ತಾನೆ. ನಾನು ಅಷ್ಟು ಹೇಳುವುದಿಲ್ಲ, ಚೀಟಿ ಮೇಜಿಗೆ ತಾಗುವ ಹೊತ್ತಿಗೆ ತೆರೆದಿರುತ್ತಿತ್ತು ಎಂದಷ್ಟೇ ಹೇಳಬಲ್ಲೆ.

ಓರೆ ಎಂದರೇನು ಎಂದು ಹೇಳಿಬಿಡಬೇಕು. ಕೆಲವರ ಕಣ್ಣುಗುಡ್ಡೆ ಚೆಂಡಿನ ಹಾಗೆ ದುಂಡಗಿರುವುದಿಲ್ಲ, ಒಂದು ಕಡೆ ಅಮುಕಿದ ಹಾಗಿರುತ್ತದೆ. ಎಷ್ಟು ಅಮುಕಿದೆ ಎಂಬ ಅಂಕಿ ಸಿಲಿಂಡರ್. ಅಮುಕಿದ ಗೆರೆ ಎಷ್ಟು ವಾಲಿದೆ ಎಂಬುದು ಇನ್ನೊಂದು ಅಂಕಿ, ಒಂದರಿಂದ ನೂರ ಎಂಬತ್ತರವರೆಗೆ. ವೈದ್ಯರು ಅದನ್ನು ಆಕ್ಸಿಸ್ ಎನ್ನುತ್ತಿದ್ದರು, ಅತ್ತೆ ಓರೆ ಎನ್ನುತ್ತಿದ್ದಳು. ಪ್ರತಿ ಕಪಾಟಿನಲ್ಲೂ ಓರೆ ಮೇಲಿನಿಂದ ಕೆಳಕ್ಕೆ ಏರುತ್ತಿತ್ತು. ಎರಡು, ಮೂರು ಇದ್ದವರದ್ದು ತುತ್ತತುದಿಯ ಸಾಲು, ಏಣಿ ಹತ್ತಬೇಕು. ನೂರೆಪ್ಪತ್ತು ದಾಟಿದವರದ್ದು ನೆಲಕ್ಕಂಟಿದ ಸಾಲು, ಮಂಡಿಯೂರಬೇಕು.

ಇನ್ನೊಂದು ನಿಯಮವಿತ್ತು, ಕಪಾಟಿನ ಪ್ರಾಣವೇ ಅದು. ಖಾನೆ ತೆರೆದು ಒಂಬತ್ತರಲ್ಲಿ ಒಳ್ಳೆಯದನ್ನು ಆರಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕೈಯಲ್ಲಿರುವ ಕನ್ನಡಕ ಚೀಟಿಯಿಂದ ಎಷ್ಟು ದೂರ? ಖಾನೆಯ ಗೋಡೆ, ಅಂದರೆ ನಂಬರಿನ ಸಾಲನ್ನು ಕತ್ತರಿಸಿದ ಅಂಕಿ, ಚೀಟಿಯಿಂದ ಎಷ್ಟು ದೂರ? ಗೋಡೆಯೇ ಹತ್ತಿರವಾಗಿದ್ದರೆ ಆಚೆ ಖಾನೆಯಲ್ಲಿ ಇನ್ನೂ ಒಳ್ಳೆಯದು ಇರಬಹುದು, ಅದನ್ನೂ ತೆರೆಯಲೇಬೇಕು. ಗೋಡೆ ದೂರವಿದ್ದರೆ ಮಾತ್ರ ಆ ಕಡೆ ತಲೆಹಾಕಬೇಕಿಲ್ಲ. ಹೀಗಾಗಿ ಐನೂರ ಹನ್ನೆರಡರಲ್ಲಿ ಅವಳು ಒಂದು ಚೀಟಿಗೆ ತೆರೆಯುತ್ತಿದ್ದದ್ದು ಮೂರೋ ನಾಲ್ಕೋ. ಗೋಡೆ ನಾನು ಹಾಕಿದ್ದು, ಅವರ ಕಣ್ಣು ಹಾಕಿದ್ದಲ್ಲ ಎನ್ನುತ್ತಿದ್ದಳು.

ಹೊಸ ವ್ಯವಸ್ಥಾಪಕರು ಬಂದದ್ದು ಈ ನಿಯಮಕ್ಕೇ ಕುತ್ತಾಗಿ. ಅವರು ಬಹಳ ಚೊಕ್ಕ ಮನುಷ್ಯ. ಅಂಗಿಯ ಮಡಿಕೆ ಎಷ್ಟು ಚೂಪಾಗಿರುತ್ತಿತ್ತೆಂದರೆ ಪಕ್ಕದಲ್ಲಿ ಹಾದುಹೋದವರ ತೋಳು ತರಚುತ್ತಿತ್ತು. ಮೂರು ದಿನ ಕೋಣೆಯ ಮೂಲೆಯಲ್ಲಿ ಕೈಗಡಿಯಾರ ನೋಡುತ್ತ ನಿಂತು, ಒಬ್ಬೊಬ್ಬರಿಗೆ ಹನ್ನೊಂದು ನಿಮಿಷ ಹಿಡಿಯುತ್ತಿದೆ, ಒಂದೇ ಖಾನೆ ತೆರೆದರೆ ನಾಲ್ಕೇ ನಿಮಿಷ ಎಂದು ಕಂಡುಹಿಡಿದರು. ಅಮೆರಿಕ ಕಂಡುಹಿಡಿದವನಿಗೂ ಅಷ್ಟು ಸಂತೋಷವಾಗಿರಲಿಕ್ಕಿಲ್ಲ. ಕಂಪ್ಯೂಟರ್ ತರಿಸಿದರು. ಅದಕ್ಕೆ ಬೇಕಾದ ಪ್ರೋಗ್ರಾಂ ಬರೆಯಲು ಬಂದವಳು ಬೇರೆ ಯಾರೂ ಅಲ್ಲ, ಅತ್ತೆಯ ಸ್ವಂತ ತಮ್ಮನ ಮಗಳು ಪುಟ್ಟಿ. ಪುಟ್ಟಿಗೆ ಆಗ ನಲವತ್ತೆರಡು ವರ್ಷ.

ಪುಟ್ಟಿ ಎರಡು ತಿಂಗಳು ಅತ್ತೆಯ ಬೆನ್ನ ಹಿಂದೆ ಓಡಾಡಿ ಕಪಾಟನ್ನು ಕಲಿತಳು. ತನ್ನ ವಿದ್ಯೆಯಲ್ಲೂ ಇದೇ ಇದೆ, ಇದಕ್ಕೆ ಮರ ಅಂತಾರೆ, ಬುಡದಿಂದ ಕೊಂಬೆ ಹಿಡಿದು ಎಲೆಗೆ ಹೋಗೋದು, ಬೇಕಾದರೆ ಪಕ್ಕದ ಕೊಂಬೆಗೆ ದಾಟೋದು, ನಿಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿದಳು. ಸಿಟ್ಟು ಹೇಳಿಕೊಟ್ಟಿತು ಎಂದಳು ಅತ್ತೆ. ಪುಟ್ಟಿ ಬರೆದ ಪ್ರೋಗ್ರಾಂ ಮೊದಲ ಖಾನೆಯ ಸಂಖ್ಯೆಯ ಜೊತೆಗೆ, ನೋಡಲೇಬೇಕಾದ ಪಕ್ಕದ ಖಾನೆಗಳ ಸಂಖ್ಯೆಯನ್ನೂ ತೋರಿಸುತ್ತಿತ್ತು. ವ್ಯವಸ್ಥಾಪಕರು ಆ ಎರಡನೆಯ ಸಾಲನ್ನು ತೆಗೆಸಿಹಾಕಿದರು. ತೋರಿಸಿದರೆ ಜನ ತೆರೆಸುತ್ತಾರೆ, ತೆರೆದರೆ ಹೊತ್ತಾಗುತ್ತದೆ. ಗೋಡೆಗೆ ಒಂದು ಕಾಗದ ಅಂಟಿತು: ಒಬ್ಬರಿಗೆ ಒಂದೇ ಖಾನೆ.

ಕಿಟಕಿಯ ಹತ್ತಿರ ಜವಾನನನ್ನು ಕೂರಿಸಿ, ಅತ್ತೆಗೆ ಹಿಂದಿನ ಮೇಜಿನಲ್ಲಿ ಕನ್ನಡಕ ಒರೆಸುವ ಕೆಲಸ ಕೊಟ್ಟರು. ಅವಳು ಒರೆಸಿದ ಗಾಜುಗಳು ಬಿಸಿಯಾಗಿ ಬರುತ್ತಿದ್ದವು. ತಮ್ಮನ ಮಗಳೊಂದಿಗೆ ಹದಿನೈದು ದಿನ ಮಾತು ಬಿಟ್ಟಳು. ಹದಿನಾರನೆಯ ದಿನ ಆಡಿದ ಮಾತು ಕೇಳಿದ್ದರೆ ಬಿಟ್ಟದ್ದೇ ವಾಸಿ ಅನ್ನಿಸುತ್ತಿತ್ತು.

"ನನ್ನ ಮರ ನೋಡ್ಕೊಂಡು ಹೋದೆ, ಕೊಂಬೆ ಕಡಿದು ಕಂಬ ಮಾಡಿ ನೆಟ್ಟೆ. ನಿಮ್ಮಪ್ಪನೂ ಹಿಂಗೇ, ಸೈಕಲ್ ಬಿಚ್ಚಿ ಬೆಲ್ ಮಾತ್ರ ಜೋಡಿಸ್ತಿದ್ದ."

"ಕಡಿದಿದ್ದು ನಾನಲ್ಲ ಅತ್ತೆ."

"ಕೊಡಲಿ ಹಿಡ್ಕೊಂಡವನಿಗೆ ಏಣಿ ಹಿಡ್ಕೊಂಡಿದ್ದೆಯಲ್ಲ."

ಅದರ ಮರುವಾರವೇ ಬಸ್ ಚಾಲಕ ಬಂದದ್ದು. ಐವತ್ನಾಲ್ಕು ದಾಟಿದ ಆಳು. ಅವನ ಬಸ್ಸನ್ನು ಆಮೆ ಹಿಂದಿಕ್ಕಿ, ತಿರುಗಿ ನೋಡಿ, ಮರುಕಪಟ್ಟು ನಿಂತಿತ್ತೆಂದು ಡಿಪೋದಲ್ಲಿ ಹೇಳುತ್ತಿದ್ದರು. ಆದ್ದರಿಂದ ಅವನ ಹೆಸರು ನಿಧಾನಪ್ಪ. ಇಪ್ಪತ್ತಾರು ವರ್ಷದಲ್ಲಿ ಒಂದು ಬೆಕ್ಕಿಗೂ ತಾಗಿಸಿದವನಲ್ಲ. ಎಡಗಣ್ಣು ಸಾಧು, ಬಲಗಣ್ಣು ತಂಟೆಕೋರ. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಪರವಾನಗಿಯ ಕಣ್ಣಿನ ಪರೀಕ್ಷೆ. ಹಳೆಯ ಕನ್ನಡಕ ಎರಡು ದಿನದ ಹಿಂದೆ ಅವನದೇ ಬಸ್ಸಿನ ಮೆಟ್ಟಿಲ ಮೇಲೆ ಬಿದ್ದು ಪುಡಿಯಾಗಿತ್ತು, ಹೊಸ ಗಾಜು ಬರಲು ಮೂರು ವಾರ. ಪರೀಕ್ಷೆಯಲ್ಲಿ ಬಿದ್ದರೆ ಅವನನ್ನು ಚಾಲಕನ ಸೀಟಿನಿಂದ ಇಳಿಸಿ ಡಿಪೋದ ಗೇಟಿನಲ್ಲಿ ಕೂರಿಸುತ್ತಾರೆ, ಆ ವಯಸ್ಸಿನಲ್ಲಿ ಇಳಿದವರು ಮತ್ತೆ ಹತ್ತಿದ್ದಿಲ್ಲ.

ಯಂತ್ರ ಹೇಳಿದ ಒಂದೇ ಖಾನೆಯಿಂದ ಜವಾನ ಒಂದು ಕನ್ನಡಕ ತೆಗೆದುಕೊಟ್ಟ. ನಾಲ್ಕೇ ನಿಮಿಷ. ನಿಧಾನಪ್ಪ ಅದನ್ನು ಹಾಕಿಕೊಂಡು ಆಸ್ಪತ್ರೆಯ ಮೆಟ್ಟಿಲವರೆಗೆ ಹೋದ. ಮೆಟ್ಟಿಲುಗಳೆಲ್ಲ ಒಂದು ಕಡೆಗೆ ವಾಲಿ ನಿಂತಿದ್ದವು. ಗೋಡೆ ಹಿಡಿದುಕೊಂಡು ವಾಪಸು ಬಂದು, ಯಾರ ಮೇಲೂ ದನಿ ಏರಿಸದೆ, ಇದು ನನ್ನದಲ್ಲ ಅನ್ನಿಸುತ್ತದೆ, ಇನ್ನೊಂದು ನೋಡಬಹುದೇ ಎಂದು ಕೇಳಿದ. ಜವಾನ ಗೋಡೆಯ ಕಾಗದ ತೋರಿಸಿದ.

ಅತ್ತೆಯ ಕೈಯಲ್ಲಿದ್ದ ಬಟ್ಟೆ ಮೇಜಿಗೆ ಬಿತ್ತು. ಅವಳು ಬಂದು ಚೀಟಿ ಕಿತ್ತುಕೊಂಡಳು. ಬಲಗಣ್ಣು ಮೈನಸ್ ಎರಡೂಕಾಲು, ಸಿಲಿಂಡರ್ ಒಂದೂವರೆ, ಓರೆ ಮೂರು. ಕೊಟ್ಟಿದ್ದ ಕನ್ನಡಕದ ಓರೆ ಮೂವತ್ತೊಂದು. ಓರೆ ಇಪ್ಪತ್ತೆಂಟು ತಪ್ಪಿದರೆ ಮೆಟ್ಟಿಲು ವಾಲದೆ ಇನ್ನೇನು ಮಾಡೀತು. ಅಷ್ಟರಲ್ಲಿ ಸದ್ದು ಕೇಳಿ ವ್ಯವಸ್ಥಾಪಕರೂ ಕೆಳಗಿಳಿದು ಬಂದರು. ನಿಯಮ ಎಲ್ಲರಿಗೂ ಒಂದೇ, ಹಿಂದೆ ಹತ್ತೊಂಬತ್ತು ಜನ ಕಾಯುತ್ತಿದ್ದಾರೆ ಎಂದರು.

"ಕಾಯಲಿ ಸಾರ್. ನಾಳೆ ಈ ಮನುಷ್ಯ ನಲವತ್ತು ಜನರನ್ನ ಕೂರಿಸ್ಕೊಂಡು ಓಡಿಸ್ತಾನೆ. ರಸ್ತೆ ವಾಲಿದ ಕಡೆ ಬಸ್ಸು ವಾಲಿಸ್ತಾನೆ. ಆಗ ನಿಮ್ಮ ಕಾಗದ ತಗೊಂಡು ಹೋಗಿ ಗಾಯಕ್ಕೆ ಅಂಟಿಸಿ."

ಅವಳು ಏಣಿ ಎಳೆದು ಹತ್ತಿದಳು. ಪಕ್ಕದ ಖಾನೆ ತೆರೆದಳು, ಅದರ ಪಕ್ಕದ್ದು, ಅದರ ಕೆಳಗಿನದ್ದು. ಸರದಿಯಲ್ಲಿದ್ದವರೆಲ್ಲ ಒಳಗೆ ಬಗ್ಗಿ ನೋಡುತ್ತಿದ್ದರು. ಓರೆ ಇಪ್ಪತ್ತೆರಡು ಇರುವ ಒಂದು ಸಿಕ್ಕಿತು. ನಿಧಾನಪ್ಪ ಹಾಕಿ ನೋಡಿ ತಲೆಯಾಡಿಸಿದ. ಮೆಟ್ಟಿಲು ಸ್ವಲ್ಪ ಕಡಿಮೆ ವಾಲಿದೆ, ಅಷ್ಟೆ. ಖಾನೆಯ ಗೋಡೆಗಳ ಲೆಕ್ಕ ಹಾಕಿದಳು. ಇನ್ನು ತೆರೆಯಬೇಕಾದ ಖಾನೆ ಯಾವುದೂ ಉಳಿದಿರಲಿಲ್ಲ. ಅವಳದೇ ನಿಯಮ, ಅವಳದೇ ಕಪಾಟು, ಮುಗಿಯಿತು ಎನ್ನುತ್ತಿತ್ತು.

"ಇಲ್ಲ ತಮ್ಮಾ. ನಿನ್ನ ಕಣ್ಣಿಗೆ ಆಗೋದು ಈ ಕೋಣೆಯಲ್ಲಿಲ್ಲ."

ವ್ಯವಸ್ಥಾಪಕರು ಕೈಗಡಿಯಾರ ನೋಡಿಕೊಂಡರು. ಅದು ಬೈದದ್ದಕ್ಕಿಂತ ಹೆಚ್ಚಾಯಿತು.

ನಿಧಾನಪ್ಪ ಬೆಂಚಿನ ಮೇಲೆ ಕೂತ. ಬಿಡಿ ಅಕ್ಕಾ, ನೀವಾದರೂ ಎದ್ದು ಹುಡುಕಿದಿರಿ ಎಂದ. ಅವನು ಜಗಳವಾಡಿದ್ದರೆ ಅತ್ತೆಗೆ ಸುಲಭವಾಗುತ್ತಿತ್ತು. ಈ ಮೆತ್ತಗಿನ ಮಾತು ಅವಳ ಎದೆಗೆ ಕಾದ ಎಣ್ಣೆಯ ಹಾಗೆ ಬಿತ್ತು. ಕೈ ಸುಮ್ಮನಿರಲಾರದೆ, ಒರೆಸುವ ಮೇಜಿನ ಮೇಲಿದ್ದ ಯಾವುದೋ ಒಡೆದ ಚೌಕಟ್ಟಿನ ಗಾಜೊಂದನ್ನು ಎತ್ತಿಕೊಂಡು, ಅಂಗಡಿಯ ದಿನಗಳಲ್ಲಿ ಮಾಡುತ್ತಿದ್ದ ಹಾಗೆ ಮೇಣದ ಕಡ್ಡಿಯಿಂದ ಅದರ ಮೇಲೆ ಓರೆಯ ಗೆರೆ ಎಳೆದಳು. ಮೂರು ಎಂದರೆ ಹೆಚ್ಚುಕಡಿಮೆ ಮಲಗಿದ ಗೆರೆ. ಗಾಜನ್ನು ಹೆಬ್ಬೆಟ್ಟು ಬೆರಳುಗಳ ನಡುವೆ ಹಿಡಿದು ಬೆಳಕಿಗೆ ತಿರುಗಿಸತೊಡಗಿದಳು. ಮೂರು. ಎರಡು. ಒಂದು. ಗೆರೆ ಪೂರ್ತಿ ಮಲಗಿತು. ಇನ್ನೊಂದು ಕೂದಲೆಳೆ ತಿರುಗಿಸಿದರೆ ನೂರೆಪ್ಪತ್ತೊಂಬತ್ತು. ನೂರೆಪ್ಪತ್ತೆಂಟು. ಬೆರಳು ಎಲ್ಲೂ ತಡೆಯಲಿಲ್ಲ, ಎಲ್ಲೂ ಎಗರಲಿಲ್ಲ. ಒಂದಕ್ಕೂ ನೂರ ಎಂಬತ್ತಕ್ಕೂ ನಡುವೆ ಇದ್ದದ್ದು ಅಷ್ಟೇ ಅಂತರ, ಕೂದಲೆಳೆ.

ಮೂವತ್ತೊಂದು ವರ್ಷ ಅವಳ ಬೆರಳಿಗೆ ಗೊತ್ತಿದ್ದ ವಿಷಯ ಅದು. ಕಪಾಟು ಮಾಡುವಾಗ ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ, ಒಂದನ್ನು ಆಕಾಶದಲ್ಲಿ ಇಟ್ಟಳು, ನೂರ ಎಂಬತ್ತನ್ನು ಪಾತಾಳದಲ್ಲಿ ಇಟ್ಟಳು. ಬೆನ್ನಿಗೆ ಬೆನ್ನು ತಾಗಿಸಿಕೊಂಡಿರುವ ನೆರೆಯವರನ್ನು ಊರಿನ ಎರಡು ತುದಿಗೆ ಓಡಿಸಿಬಿಟ್ಟಿದ್ದಳು. ಹನ್ನೊಂದು ವರ್ಷದಲ್ಲಿ ತುದಿಯ ಸಾಲಿನ ಚೀಟಿ ಹಿಡಿದು ಒಂದು ಸಲವೂ ನೆಲದ ಸಾಲಿಗೆ ಬಗ್ಗಿದವಳಲ್ಲ.

ಅವಳು ಮಂಡಿಯೂರಿದಳು. ನೆಲ ಒರೆಸುವ ಬಕೆಟ್ಟನ್ನು ಒದ್ದು ಪಕ್ಕಕ್ಕೆ ಸರಿಸಿ, ಅದೇ ಕಪಾಟಿನ ಕಟ್ಟಕಡೆಯ ಖಾನೆ ಎಳೆದಳು. ಏಳನೆಯ ಕನ್ನಡಕ: ಬಲಗಣ್ಣು ಮೈನಸ್ ಎರಡೂಕಾಲು, ಸಿಲಿಂಡರ್ ಒಂದೂವರೆ, ಓರೆ ನೂರೆಪ್ಪತ್ತೆಂಟು. ಯಾರೋ ಅಜ್ಜನ ಕಂದು ಚೌಕಟ್ಟು, ಒಂದು ಕಿವಿ ಕಡ್ಡಿಗೆ ದಾರ ಸುತ್ತಿತ್ತು. ನಿಧಾನಪ್ಪ ಹಾಕಿಕೊಂಡು ಬಾಗಿಲಿಗೆ ಹೋಗಿ, ರಸ್ತೆಯ ಆಚೆ ನಿಂತಿದ್ದ ಲಾರಿಯ ನಂಬರು ಓದಿದ. ಆಮೇಲೆ ಅದರ ಹಿಂದಿನ ಕಾರಿನದು. ಆಮೇಲೆ ಯಾರೂ ಕೇಳದಿದ್ದರೂ ಎದುರಿನ ಔಷಧಿ ಅಂಗಡಿಯ ಹಲಗೆಯನ್ನು ಮೇಲಿನಿಂದ ಕೊನೆಯವರೆಗೆ ಓದಿದ, ದೂರವಾಣಿ ಸಂಖ್ಯೆ ಸಮೇತ. ಮೆಟ್ಟಿಲು ನೆಟ್ಟಗೆ ನಿಂತಿದ್ದವು.

ಸರದಿಯವರು ಚಪ್ಪಾಳೆ ತಟ್ಟಿದರು. ಅತ್ತೆ ಅವರ ಕಡೆ ತಿರುಗಿದ ನೋಟಕ್ಕೆ ಅರ್ಧ ತಟ್ಟಿದ ಕೈಗಳು ಗಾಳಿಯಲ್ಲೇ ನಿಂತವು. ಅವಳು ಇಷ್ಟು ವರ್ಷ ಊರಿಗೆಲ್ಲ ಹಂಚುತ್ತಿದ್ದ ಸಿಟ್ಟು ಅವತ್ತು ಪೂರ್ತಿಯಾಗಿ ಅವಳ ಪಾಲಿಗೇ ಬಂದಿತ್ತು. ನೆಲದ ಮೇಲೆ ಕೂತವಳು ಎದ್ದೇಳಲಿಲ್ಲ. ಎಷ್ಟು ಜನ, ಎಷ್ಟು ಜನ ಎಂದು ಕಪಾಟಿನ ಬಾಗಿಲಿಗೆ ಮುಷ್ಟಿಯಿಂದ ಗುದ್ದಿದಳು. ಕಪಾಟು ಅಲ್ಲಾಡಿತು, ಮೇಲಿನ ವಾರ್ಡಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಕಣ್ಣು ಕಟ್ಟಿಸಿಕೊಂಡಿದ್ದವರು ಭೂಕಂಪ ಎಂದು ಎದ್ದು ಕೂತರು.

ಸುದ್ದಿ ತಿಳಿದು ಪುಟ್ಟಿ ಮಧ್ಯಾಹ್ನವೇ ಬಂದಳು. ಅತ್ತೆಯ ತಪ್ಪನ್ನು ಅವಳು ಅಕ್ಷರಶಃ ನಕಲು ಮಾಡಿದ್ದಳು. ಅವಳ ಯಂತ್ರದ ಲೆಕ್ಕದಲ್ಲೂ ಮೂರಕ್ಕೂ ನೂರೆಪ್ಪತ್ತೆಂಟಕ್ಕೂ ನಡುವೆ ನೂರೆಪ್ಪತ್ತೈದು ಮೈಲಿ. ಓರೆಯನ್ನು ಉದ್ದದ ಸಾಲಲ್ಲ, ಸುತ್ತು ಬರುವ ಬಳೆ ಎಂದುಕೊಳ್ಳಬೇಕಿತ್ತು ಅತ್ತೆ, ನಾನೂ ನೋಡಲಿಲ್ಲ ಎಂದು ತಲೆತಗ್ಗಿಸಿದಳು. ಯಾರನ್ನು ಬೈಯುವುದೆಂದು ತೋಚದೆ ಅತ್ತೆ ಅವಳ ಕೈಗೆ ಸೀಮೆಸುಣ್ಣ ಕೊಟ್ಟಳು. ಇಬ್ಬರೂ ಸೇರಿ ಪ್ರತಿ ಕಪಾಟಿನ ತುದಿಯ ಸಾಲಿನ ಮೇಲೆ 'ಕೆಳಗೂ ನೋಡು' ಎಂದೂ, ನೆಲದ ಸಾಲಿನ ಮೇಲೆ 'ಮೇಲೂ ನೋಡು' ಎಂದೂ ಬರೆದರು. ಪುಟ್ಟಿ ಯಂತ್ರವನ್ನು ತಿದ್ದಿದಳು, ತೆಗೆಸಿಹಾಕಿದ್ದ ಎರಡನೆಯ ಸಾಲನ್ನೂ ಯಾರ ಅಪ್ಪಣೆಯನ್ನೂ ಕೇಳದೆ ವಾಪಸು ಹಾಕಿದಳು. ಆಮೇಲೆ ಹನ್ನೊಂದು ವರ್ಷದ ಚೀಟಿಗಳ ಕಟ್ಟು ಬಿಚ್ಚಿದರು. ಮಲಗಿದ ಗೆರೆಯವರು, ತುದಿಯವರೂ ನೆಲದವರೂ ಸೇರಿ, ನೂರ ಅರವತ್ತಮೂರು ಜನ. ದರ್ಜಿ, ಶಾಲೆಯ ಅಡುಗೆಯವಳು, ಕಲ್ಲು ಕೆತ್ತುವವನು, ಅತ್ತೆಯ ಸ್ವಂತ ನಾದಿನಿ. ನಾದಿನಿ ಏಳು ವರ್ಷದಿಂದ ತಲೆನೋವು ಎನ್ನುತ್ತಿದ್ದಳು, ಅತ್ತೆ ಏಳು ವರ್ಷದಿಂದ ಅದು ನಾಟಕ ಎನ್ನುತ್ತಿದ್ದಳು.

ನಿಧಾನಪ್ಪ ಪರೀಕ್ಷೆಯಲ್ಲಿ ಗೆದ್ದ. ಪರೀಕ್ಷೆಯ ದಿನವೇ ಹನ್ನೆರಡು ಗಂಟೆಗೆ ಆಸ್ಪತ್ರೆಯ ಎದುರು ಬಸ್ಸು ನಿಲ್ಲಿಸಿ, ಇಳಿದು ಬಂದು, ಅಕ್ಕಾ ಆಯ್ತು ಎಂದು ಎರಡೇ ಮಾತು ಹೇಳಿ ಹೋದ. ಅವನು ನಿಧಾನವಾಗಿ ಇಳಿದು ನಿಧಾನವಾಗಿ ಹತ್ತುವಷ್ಟರಲ್ಲಿ ಹಿಂದೆ ಪಕ್ಕದ ಊರಿನವರೆಗೆ ವಾಹನಗಳು ನಿಂತಿದ್ದವು.

ಅತ್ತೆ ಆಗ ಕಾಗದ ಬರೆಯುತ್ತಿದ್ದಳು. ನೂರ ಅರವತ್ತಮೂರು ಕಾಗದ, ಪ್ರತಿಯೊಂದರಲ್ಲೂ ಒಂದೇ ಒಕ್ಕಣೆ: ನಿಮಗೆ ಕೊಟ್ಟ ಕನ್ನಡಕಕ್ಕಿಂತ ಹತ್ತಿರದ್ದು ಇದ್ದಿರಬಹುದು, ತಪ್ಪು ನನ್ನದು, ದಯವಿಟ್ಟು ಬನ್ನಿ. ಅವಳ ಕೈಬರಹ ಬೈದ ಹಾಗೆಯೇ ಇತ್ತು, ಆದರೆ ಒಕ್ಕಣೆ ಇದೇ. ನಲವತ್ತನೆಯದೋ ಏನೋ ನಡೆದಿತ್ತು, ವ್ಯವಸ್ಥಾಪಕರು ಬಂದು ಮೇಜಿನ ಎದುರು ನಿಂತರು. ಒಂದು ಕಾಗದ ಎತ್ತಿ ಓದಿದರು. ಚೂಪಾದ ತೋಳಿನ ಮಡಿಕೆಯನ್ನು ಬೆರಳಿನಿಂದ ಸವರಿಕೊಂಡರು.

"ನೋಡಿ ಮೇಡಂ, ನಾವೇ ಕರೆದು ತಪ್ಪಾಗಿದೆ ಅಂದ್ರೆ ಆಸ್ಪತ್ರೆ ಮರ್ಯಾದೆ ಏನಾಗುತ್ತೆ? ಹನ್ನೊಂದು ವರ್ಷ ಆಯ್ತು, ಇವರಲ್ಲಿ ಒಬ್ಬರಾದ್ರೂ ದೂರು ಬರೆದು ಕೊಟ್ಟಿದ್ದಾರಾ?"

ಅತ್ತೆ ತಲೆ ಎತ್ತಲಿಲ್ಲ. ನಲವತ್ತೊಂದನೆಯ ಕಾಗದಕ್ಕೆ ವಿಳಾಸ ಬರೆಯುತ್ತಲೇ ಹೇಳಿದಳು.

"ಬರೆಯೋಕೆ ಅವರಿಗೆ ಅಕ್ಷರ ಕಾಣಬೇಕಲ್ಲ ಸಾರ್."